ಎರಡನೆಯ ಪಿಟೀಲು

೧೪ ನವೆಂಬರ್, ಗುರುವಾರ. ಕೊಳ್ಳೇಗಾಲ.

ಇವತ್ತು ದೊಡ್ಡಮಾದಪ್ಪನವರಿಗೆ ಸುಳ್ಳು ಹೇಳಿದೆ. ಅವರ ಮಗಳು ನಾಗಶ್ರೀ, ನನ್ನ ಹಳೆಯ ಶಿಷ್ಯೆ, ನಾಲ್ವರು ಸೇರಿ ನುಡಿಸಿದ ಫ್ರೆಂಚ್ ಸಂಗೀತದ ರೆಕಾರ್ಡಿಂಗ್ ಕಳಿಸಿ ವಾರವಾಗಿತ್ತು. ನಾನು ಕೇಳಿರಲೇ ಇಲ್ಲ. ಬೆಳಿಗ್ಗೆ ಅವರು ಯಳಂದೂರಿನಿಂದ ಬಂದು ಮೊಬೈಲ್ ಮುಂದಿಟ್ಟರು.

"ಸಾ, ಎಲ್ಡು ಪಿಟೀಲು ಕೇಳ್ತವೆ. ನಮ್ ಮಗೀದು ಯಾವ್ದು?"

ಗೊತ್ತಿಲ್ಲ ಎನ್ನಲು ಮೇಷ್ಟರಾದ ನನಗೆ ಬಾಯಿ ಬರಲಿಲ್ಲ. "ಜೋರಾಗಿ ಕೇಳ್ತದಲ್ಲ, ಅದೇ" ಎಂದುಬಿಟ್ಟೆ. ಅವರು ಕಣ್ಣೊರೆಸಿಕೊಂಡರು.

ಸಂಜೆ ಕೂತು ಪೂರ್ತಿ ಕೇಳಿದೆ. ಅವಳ ಕಮಾನು ತಿದ್ದಿದವನು ನಾನು, ಗುರುತು ಹತ್ತಿತು. ಅವಳದು ಎರಡನೆಯದು, ಮೆಲ್ಲಗಿನದು. ದೊಡ್ಡಮಾದಪ್ಪನವರಿಗೆ ಫೋನ್ ಮಾಡಿ ಒಪ್ಪಿಕೊಂಡೆ.

ಅವರು ಹೇಳಿದರು: "ಅಂಗಾರೆ ಇನ್ನೊಂದ್ಸಲ ಕೇಳ್ತೀನಿ ಬುಡಿ ಸಾ. ಆ ಜೋರು ಪಿಟೀಲಿನ ಮಗೀನೂ ಚೆಂದಾಗಿ ನುಡಿಸ್ತದೆ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.