ಚಿಮಟ ಹಲ್ಲಲ್ಲಿ ಹಿಡಿದವರು

ನವೆಂಬರ್ 4, ಸೋಮವಾರ

ಕ್ಲಿನಿಕ್ಕಿಗೆ ಬೆಳಗಿನಿಂದ ನಲವತ್ತೊಂದು ಪೇಷಂಟ್. ಟೊಮ್ಯಾಟೊ ಬೀಜದ ಪ್ಲಾಟಿನಲ್ಲಿ ಕೆಲಸ ಮಾಡುವ ಹೆಂಗಸರೇ ಆರು. ಆರು ಜನಕ್ಕೂ ಅದೇ ಹಾಡು — ವಾಂತಿ, ತಲೆನೋವು, ಬಾಯಿತುಂಬ ನೀರು. ಗ್ಯಾಸ್ಟ್ರೈಟಿಸ್ ಅಂತ ಬರೆದೆ. ಹೋದ ವಾರವೂ ಅದನ್ನೇ ಬರೆದಿದ್ದೆ. ಉಪವಾಸ ಕೆಲಸಕ್ಕೆ ಹೋಗ್ತೀರಿ ಅಂತ ಬೈದೆ ಬೇರೆ. ಕೊನೆಯವಳು ಹುಲಗಮ್ಮ, ಎದುರು ನಿಂತಳು.

“ಎರಡ ರೊಟ್ಟಿ ತಿಂದ ಹೋಗಿದ್ನಿರಿ ಮೇಡಂ. ಸುಮ್ನ ಬೈಬ್ಯಾಡ್ರಿ.”

ಟಾರ್ಚ್ ಹಾಕಿ ಕಣ್ಣು ನೋಡಿದೆ. ಪಾಪೆ ಸಾಸಿವೆ ಕಾಳಷ್ಟು! ಅಯ್ಯೋ, ಇದೆಲ್ಲಿಯ ಗ್ಯಾಸ್ಟ್ರೈಟಿಸ್... ಬೆಳೆಗೆ ಹೊಡೆಯುವ ವಿಷ. ವಿಷ ಇಳಿಸುವ ಅಟ್ರೋಪಿನ್ ಕೊಟ್ಟೆ. ಉಳಿದ ಐವರನ್ನು ಸಿಸ್ಟರ್ ನಸೀಮಾಬಿ ಬಸ್ ಸ್ಟ್ಯಾಂಡಿಗೆ ಓಡಿ ಕರೆತಂದಳು. ಅವರ ಕಣ್ಣೂ ಹಾಗೇ. ನನ್ನ ಡಿಗ್ರಿಗಿಷ್ಟು ಬೆಂಕಿ ಹಾಕ.

ನವೆಂಬರ್ 6

ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಪ್ಲಾಟಿಗೆ ಹೋದೆ. ನಮ್ಮೂರು ತಾವರಗೇರಾದಿಂದ ಹದಿನೈದು ನಿಮಿಷ. ಇಪ್ಪತ್ತೆರಡು ಹೆಂಗಸರು. ಮಿಶ್ರತಳಿ ಬೀಜಕ್ಕಾಗಿ ಕ್ರಾಸಿಂಗ್ ಕೆಲಸ — ಚಿಮಟದಿಂದ ಹೂವಿನ ಗಂಡು ಎಳೆ ಕೀಳಬೇಕು, ಕಿತ್ತ ಹೂವಿಗೆ ಗುರುತಿನ ದಾರ ಕಟ್ಟಬೇಕು. ದಾರ ಕಟ್ಟಲು ಎರಡೂ ಕೈ ಬೇಕು. ಚಿಮಟ ಎಲ್ಲಿ? ಹಲ್ಲಲ್ಲಿ. ದಿನಕ್ಕೆ ಸಾವಿರ ಸಲ.

“ಎಣ್ಣಿ ಹೊಡ್ದ ಮ್ಯಾಲ ಎಷ್ಟ ದಿನ ಬಿಟ್ಟ ಒಳಗ ಬರ್ತೀರಿ?” ಕೇಳಿದೆ. ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಅಂತಲೇ ಹೆಸರು.

“ಸಂಜಿಮುಂದ ಹೊಡಿತಾರ, ಮುಂಜಾನಿ ನಾವ್ ಬರ್ತೀವಿ. ಹೂ ನಮ್ಮನ್ನ ಕಾಯ್ಕೋತ ಕುಂದರ್ತಾವೇನ್ರಿ!” ಚಿಮಟ ಕಚ್ಚಿಕೊಂಡೇ ನಕ್ಕಳು ಹುಲಗಮ್ಮ.

ಪ್ಲಾಟ್ ನೋಡಿಕೊಳ್ಳುವವನು ರುದ್ರೇಶ. ಹೊಡೆದ ಮೇಲೆ ಎರಡು ದಿನ ಬಿಡು ಅಂದರೆ ಇದು ಸೀಸನ್ ಅನ್ನುತ್ತಾನೆ. ಗ್ಲೌಸ್ ಹಾಕಿದರೆ ಎಳೆ ಕೈಗೆ ಸಿಗುವುದಿಲ್ಲವಂತೆ. ಸರಿ, ಹೂವಿನ ವಿಷ ಬಾಯಿಗೆ ಹೋಗದಂತೆ ಚಿಮಟವನ್ನಾದರೂ ಬಾಯಿಂದ ಬಿಡಿಸಬೇಕು. ಮಣಿಕಟ್ಟಿಗೆ ಕಟ್ಟಿ ಇಳಿಬಿಟ್ಟರೆ?

ನವೆಂಬರ್ 9

ಪ್ರೊಫೆಸರ್ ದೇವೇಂದ್ರಪ್ಪ ಸರ್‌ಗೆ ಫೋನ್ ಮಾಡಿದೆ. ಮೆಡಿಕಲ್ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಕೇಳಿ ಕುಣಿದಾಡಿದರು.

“ಛಲೋ ರಿಸರ್ಚ್ ಪೇಪರ್ ಆಗ್ತೈತಿ ಶೈಲಶ್ರೀ! ಹನ್ನೊಂದ ಮಂದಿಗೆ ಚಿಮಟ ಕೈಗೆ ಕಟ್ಟಸು. ಹನ್ನೊಂದ ಮಂದಿ ಹೆಂಗದಾರ ಹಂಗ ಇರ್ಲಿ. ಎರಡ ವಾರ ಸಾಕು. ಹೋಲಿಸಿ ತೋರಿಸಲಿಲ್ಲಂದ್ರ ಯಾರೂ ಛಾಪಿಸಂಗಿಲ್ಲ.”

“ಆ ಹನ್ನೊಂದ ಮಂದಿಗೆ ಏನ ಹೇಳ್ಲಿ ಸರ್?”

“ಏನೂ ಹೇಳಬ್ಯಾಡ.”

ಪೇಪರ್ ಬೇಕಿತ್ತು ನನಗೆ. ಸುಳ್ಳೇಕೆ ಬರೆಯಲಿ, ಎಂಟು ವರ್ಷದಿಂದ ಬೇಕಿತ್ತು. ಪಟ್ಟಿ ಮಾಡಲು ಕೂತೆ. ಎಡಕ್ಕೆ ಹನ್ನೊಂದು, ಬಲಕ್ಕೆ ಹನ್ನೊಂದು. ಹುಲಗಮ್ಮನನ್ನು ಯಾವ ಕಡೆ ಹಾಕಲಿ? ಹರಿದು ಬಿಸಾಕಿದೆ. ನಿಮ್ಮ ಪೇಪರ್ ನೀವೇ ಇಟ್ಟುಕೊಳ್ಳಿ ಸರ್.

ನವೆಂಬರ್ 11

ನಸೀಮಾಬಿ ಅಂಗಡಿಯಿಂದ ಲಂಗದ ಲಾಡಿಯ ಕಟ್ಟು ತಂದಳು. ಚಿಮಟಕ್ಕೊಂದು ಗಂಟು, ಮಣಿಕಟ್ಟಿಗೊಂದು ಗಂಟು. ಇಪ್ಪತ್ತೆರಡು ಜನಕ್ಕೂ. ವಿಷಯವನ್ನೂ ಬಿಡಿಸಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆದರೂ ಕಟ್ಟಿಸಿಕೊಂಡರು.

ನವೆಂಬರ್ 16

ರುದ್ರೇಶ ಕ್ಲಿನಿಕ್ಕಿಗೇ ಬಂದ. ಪೇಷಂಟುಗಳ ಎದುರೇ ಶುರು.

“ಲಾಡಿ ಸಿಗಬಿದ್ದ ಹೂ ಮುರಿಯಾಕತ್ತಾವ್ರಿ. ನಾಳಿಂದ ಲಾಡಿ ಕಟ್ಟಿದವ್ರಿಗೆ ಕೆಲಸಿಲ್ಲ. ನಿಮ್ಮ ಡಾಕ್ಟರ್ಕಿ ಇಲ್ಲೇ ಇಟ್ಕೊಳ್ರಿ.”

“ಅದನ್ನ ಬರದ ಕೊಡ್ರಿ. ಕೆಳಗ ಸಹಿ ಮಾಡ್ರಿ.”

ಪ್ಯಾಡು, ಪೆನ್ನು ಮುಂದೆ ಸರಿಸಿದೆ. ಮುಟ್ಟಲಿಲ್ಲ, ಹೋದ. ನನಗೆ ಸಿಟ್ಟೂ ಹೌದು, ಹೆದರಿಕೆಯೂ ಹೌದು. ನನಗೇನು, ಕೆಲಸ ಹೋಗುವುದು ಅವರದು.

ನವೆಂಬರ್ 24

ಎಂಟು ದಿನ. ಪ್ಲಾಟಿನಿಂದ ಒಬ್ಬಳೂ ಬಂದಿಲ್ಲ. ಲಾಡಿ ಬಿಚ್ಚಿ ಬೇರೆ ಡಾಕ್ಟರ ಹತ್ತಿರ ಹೋದರೋ? ನನ್ನ ಮೇಲೆ ಸಿಟ್ಟೋ? ನಾಳೆ ನಾನೇ ಹೋಗುತ್ತೇನೆ. ಬೈದರೆ ಬೈಯಲಿ.

ನವೆಂಬರ್ 25, ಬೆಳಿಗ್ಗೆ 8.30

ಕ್ಲಿನಿಕ್ಕಿನ ಮೆಟ್ಟಿಲ ತುಂಬ ಅವರೇ. ಇಪ್ಪತ್ತೆರಡೂ ಜನ.

“ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ರಿ,” ಅಂದಳು ಹುಲಗಮ್ಮ. “ನಿಮ್ಮ ಕಡಿ ಬಂದ್ಹೋದ ಮರುದಿನ ರುದ್ರೇಶಪ್ಪ ಕೆಲಸಿಲ್ಲ ಅಂದ. ಲಾಡಿ ಕಟ್ಕೊಂಡೇ ಹೋಗಿ ಬದುವಿನ ಮ್ಯಾಲ ಕುಂತ್ವಿ. ಒಬ್ಬಾಕಿನೂ ಎದ್ದಿಲ್ಲ. ಅವತ್ತ ಮಧ್ಯಾಹ್ನಕ್ಕ ತಾನ ಬಂದ ಕೆಲಸಕ್ಕ ಕರದ.”

“ಮತ್ತ ಇಲ್ಲಿಗ್ಯಾಕ ಬಂದ್ರಿ?”

“ಬ್ಯಾನಿ ಬಂದಾಗ ಬರ್ಕೊಂಡ್ರಿ. ಈಗ ಆರಾಮ ಅದೀವಿ. ಇದನ್ನೂ ಬರ್ಕೊಳ್ರಿ.”

ಅವರಲ್ಲೊಬ್ಬಳು ಶಿವಲಿಂಗಮ್ಮ, ಅವಳ ಸೊಂಟದಲ್ಲಿ ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿದೆ. ರುದ್ರೇಶ. ಕೆಲಸಕ್ಕೆ ಹೊತ್ತಾಯಿತು, ಆದರೂ ಎತ್ತುತ್ತಿಲ್ಲ. “ಬಡ್ಕೊಳ್ಳಿ ಬಿಡ್ರಿ, ನೀವ್ ಬರೀರಿ.”

ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ. ರಿಜಿಸ್ಟರ್ ಒಳಗೆ ಬೀರುವಿನಲ್ಲಿದೆ, ಕೈಯಲ್ಲಿರುವ ಇದೇ ಡೈರಿಯಲ್ಲಿ ಬರೆಯುತ್ತೇನೆ.

ಒಂದು — ಹುಲಗಮ್ಮ, 38. ವಾಂತಿ ಇಲ್ಲ. ತಲೆನೋವು ಇಲ್ಲ. ಪಾಪೆ ಸರಿ ಇದೆ.

ಎರಡು — ಶಿವಲಿಂಗಮ್ಮ, 44. ವಾಂತಿ ಇಲ್ಲ. ತಲೆನೋವು ಇಲ್ಲ.

ಮೂರು —