ಬಗ್ಗುವ ಮುನ್ನ

ಸಿಡ್ನಿ, 9 ಜೂನ್ 1976

ಅಕ್ಕಾ,

ಸುಖವಾಗಿದ್ದೇನೆ. ಕುರಿಯ ಉಣ್ಣೆ ಕತ್ತರಿಸುವ ನನ್ನ ಕೆಲಸ ನೋಡಿಕೊಂಡು ಚಿತ್ರ ಬರೆಯಲೆಂದು ಕಾರ್ಟೂನ್ ಸಿನಿಮಾದವರು ನನ್ನನ್ನು ಕರೆಸಿಕೊಂಡರಲ್ಲ, ಇಲ್ಲಿ ಒಂದು ಕುರಿಯೂ ಇಲ್ಲ! ಮೂರು ದಿನದಿಂದ ದಿಂಬನ್ನೇ ಮಂಡಿಯ ನಡುವೆ ಹಿಡಿದು ನಟಿಸುತ್ತಿದ್ದೇನೆ.

ಚಿತ್ರ ಬರೆಯುವ ಥಿಯಾ ನನ್ನ ಕೈ ನೋಡುವುದಿಲ್ಲ, ಮುಖ ನೋಡುತ್ತಾಳೆ. "ಬಗ್ಗೋಕೆ ಮುಂಚೆ ಒಂದು ಗಳಿಗೆ ನಿಲ್ತೀರಲ್ಲ ಯಜಮಾನ್ರೇ, ಆಗ ಏನು ಯೋಚ್ನೆ ಮಾಡ್ತೀರ?" ಎಂದಳು.

"ಕುರಿ ಓಡಿಹೋಗುತ್ತಾ ಅಂತ ನೋಡ್ತೀನಮ್ಮಾ."

"ದಿಂಬು ಎಲ್ಲಿಗೆ ಓಡುತ್ತೆ? ನಿಜ ಹೇಳಿ. ಚಿತ್ರದಲ್ಲಿರೋನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ದೆ ಬರೆದ್ರೆ ಬರೀ ಬೊಂಬೆ ಆಗ್ತಾನೆ."

ನಾನು ದಿಂಬನ್ನು ಮತ್ತೆ ಮಂಡಿಯ ನಡುವೆ ಸಿಕ್ಕಿಸಿಕೊಂಡೆ.

ಇವತ್ತು ಅವಳು ಬರೆದ ಹಾಳೆಗಳನ್ನು ಒಂದರ ಹಿಂದೊಂದು ಸರಸರನೆ ಓಡಿಸಿ ತೋರಿಸಿದಳು. ಪೆನ್ಸಿಲ್ ಗೆರೆಯ ಮುದುಕ ಕುರಿಯನ್ನು ನೋಡಿದ. ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ಬಾಗಿಲತ್ತ ಕಣ್ಣು ಹಾಯಿಸಿದ. ತುಟಿ ಕಚ್ಚಿಕೊಂಡು ಬಗ್ಗಿದ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ನೀನು ಕೇಳಿದಾಗಲೆಲ್ಲ ಸುಳ್ಳು ಹೇಳಿದ್ದೆ. ಬೆನ್ನು ಎರಡು ವರ್ಷದಿಂದ ನೋಯುತ್ತಿದೆ. ಗೊತ್ತಾದರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲವೆಂದು ಹೆದರಿದ್ದೆ. ಸೋಮವಾರ ಬರುತ್ತೇನೆ, ಡಾಕ್ಟರಿಗೆ ಹೇಳಿಡು. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ಕ್ಲೆಮ್