ಪ್ರತಿಮೆಯ ಪಾದಕ್ಕೆ ಮತ್ತೆ ಬಣ್ಣ

ಸೋಮವಾರ, ಮಧ್ಯಾಹ್ನ
ಅಕ್ಕನ ಮನೆಯಿಂದ

ನಮ್ಮ ಗಿಣಿಯ ಅಪ್ಪನಿಗೆ,

ನಿಮ್ಮ ಪತ್ರವೂ ಪಟದ ಸುರುಳಿಯೂ ಒಟ್ಟಿಗೇ ಬಂದವು. ಮಗಳನ್ನು ಕರೆದುಕೊಂಡು ನಾನು ಮನೆ ಬಿಟ್ಟು ಮೂರು ತಿಂಗಳಾಯಿತು. ಈಗ ಬಂದ ಮೊದಲ ಪತ್ರದಲ್ಲಿ ಮಗಳ ಬಗ್ಗೆ ಎರಡು ಸಾಲು, ಬಾಬೆಲ್ ಸಾಮ್ರಾಜ್ಯದ ಬಗ್ಗೆ ಮೂರು ಪುಟ. ಇರಲಿ ಬಿಡಿ, ಆರೋಗ್ಯವಾಗಿದ್ದೀರಿ ಎಂದಾದರೂ ತಿಳಿಯಿತು.

ಪಟದ ಬಣ್ಣ ಎಲ್ಲೂ ಎದ್ದಿಲ್ಲ. ಅಂಗಡಿ ಬೋರ್ಡು ಬರೆದು ಬದುಕುವವಳಿಗೆ ಅಷ್ಟೂ ಬರದಿದ್ದರೆ ಹೇಗೆ? ಬೈಬಲಿನಲ್ಲಿ ಬಾಬೆಲಿನ ಅರಸ ಕನಸಿನಲ್ಲಿ ಕಂಡ ಆ ಪ್ರತಿಮೆ ಬಿಡಿಸಲು ನನಗೆ ನಾಲ್ಕು ವಾರ ಹಿಡಿದಿತ್ತು. ಬಾಬೆಲಿಗೆ ಚಿನ್ನದ ತಲೆ, ಪಾರಸಿಯರಿಗೆ ಬೆಳ್ಳಿಯ ಎದೆ, ಗ್ರೀಕರಿಗೆ ಕಂಚಿನ ಹೊಟ್ಟೆ, ರೋಮಿಗೆ ಕಬ್ಬಿಣದ ಕಾಲು. ಕಬ್ಬಿಣಕ್ಕೆ ಮಣ್ಣು ಬೆರೆತ ಪಾದ ನಮ್ಮ ಕಾಲದ್ದು ಎಂದು ಹೇಳಿ, ಅದರ ಕೆಳಗೆ ಲೋಕ ಮುಗಿಯುವ ತಾರೀಖು ಬರೆಸಿದಿರಿ. ಉಪದೇಶದ ದಿನ ನೀವು ಕೋಲು ಹಿಡಿದು ಒಂದೊಂದೇ ರಾಜ್ಯ ಉರುಳಿಸುತ್ತಾ ಕೆಳಗಿಳಿಯುವಾಗ ನನಗೂ ಮೈ ಜುಮ್ಮೆನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ತಾರೀಖು ಬಂತು, ಹೋಯಿತು. ಈಗ ನೀವು, ಕ್ರಿಸ್ತಪೂರ್ವ ಒಂದು ಮುಗಿದರೆ ಕ್ರಿಸ್ತಶಕ ಒಂದು, ನಡುವೆ ಸೊನ್ನೆ ಎಂಬ ವರ್ಷವೇ ಇಲ್ಲ, ಅದನ್ನು ಸೇರಿಸಿ ಎಣಿಸಿದ್ದೇ ತಪ್ಪಾಯಿತು, ಈಗಷ್ಟೇ ಗೊತ್ತಾಯಿತು, ಪಾದದ ಕೆಳಗೆ ಮುಂದಿನ ವರ್ಷ ಬರೆದುಕೊಡು ಎಂದು ಕೇಳಿದ್ದೀರಿ.

ಆ ತಪ್ಪು ನನಗೆ ಮೊದಲೇ ಗೊತ್ತಿತ್ತು. ಪಟದ ಅಂಚಿನಲ್ಲಿ ವರ್ಷಗಳನ್ನು ಬರೆಯುವಾಗ ಬೆರಳು ಮಡಚಿ ಎಣಿಸಿದ್ದೆ. ಒಂದು ಬೆರಳು ಹೆಚ್ಚಾಗಿತ್ತು.

ಯಾಕೆ ಹೇಳಲಿಲ್ಲ ಗೊತ್ತೆ? ಅದೇ ವಾರ ಕಣ್ಣಿನ ಡಾಕ್ಟರು ಗಿಣಿಯ ಎಡಗಣ್ಣಿನೊಳಗೆ ಒತ್ತಡ ಏರುತ್ತಿದೆ, ಈ ತಿಂಗಳೇ ಆಪರೇಷನ್ ಆಗಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದಿದ್ದರು. ನೀವೋ, ಇನ್ನೇನು ಐದೇ ತಿಂಗಳಲ್ವಾ, ಆಮೇಲೆ ಕುರುಡರಿಗೂ ಕಣ್ಣು ಬರುತ್ತೆ, ಏಳು ವರ್ಷದ ಮಗೂನ ಯಾಕೆ ಕೊಯ್ಯಿಸ್ತೀಯಾ, ಅಂದ್ರಿ. ತಪ್ಪು ತೋರಿಸಿದ್ದರೆ ಆ ಐದು ಹದಿನೇಳಾಗುತ್ತಿತ್ತು. ತಾರೀಖು ಬೇಗ ಬಂದು ತೊಲಗಲಿ, ಮಾರನೆಯ ದಿನವೇ ಆಸ್ಪತ್ರೆಗೆ ಹೋಗೋಣ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಅಯ್ಯೋ, ಎಂಥ ಜಾಣೆ ನಾನು! ಅವತ್ತೇ ಮಗಳ ಕೈ ಹಿಡಿದು ಬಸ್ಸು ಹತ್ತಿದ್ದರೆ ಯಾರು ತಡೆಯುತ್ತಿದ್ದರು? ನಿಮಗೆ ಎದುರು ನಿಲ್ಲುವ ಧೈರ್ಯವಿರಲಿಲ್ಲ, ಅಷ್ಟೇ.

ಕೊನೆಯ ದಿನ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಗಿಣಿ ಬೇಸರಕ್ಕೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಆಡುತ್ತಿದ್ದಳು. ಆ ಕೈ ತೆಗೆಯದೆ ನನ್ನ ಸೆರಗು ಜಗ್ಗಿ, ಅಮ್ಮಾ, ಪ್ರತಿಮೆ ಬಿದ್ದೋಯ್ತಾ, ಕಾಣ್ತಾನೇ ಇಲ್ವಲ್ಲ, ಅಂತ ಕೇಳಿದಳು. ಪಟ ಅವಳ ಎದುರಿಗೇ ತೂಗುತ್ತಿತ್ತು. ನೀವು ಪ್ರಾರ್ಥನೆ ನಿಲ್ಲಿಸಲಿಲ್ಲ.

ಈಗ ಬಲಗಣ್ಣಿಗೂ ಅದೇ ಬಂದಿದೆ. ಬರುವ ವಾರ ಬುಧವಾರ ಬೆಳಿಗ್ಗೆ ಆಪರೇಷನ್. ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ಖಚಿತವಾಗಿ ಹೇಳುತ್ತಿಲ್ಲ. ಅದಕ್ಕೆ ಮೊದಲು ಅಪ್ಪನ ಮುಖ ಒಂದ್ಸಲ ನೋಡ್ತೀನಿ ಅಂತ ಗಿಣಿಯದು ಒಂದೇ ಹಟ. ಗೊತ್ತಿದ್ದೂ ಸುಮ್ಮನಿದ್ದವಳು ನಾನು, ಗೊತ್ತಿಲ್ಲದೆ ನಂಬಿದವರು ನೀವು. ನಿಮ್ಮನ್ನು ಬಯ್ಯಲು ನನಗೆ ಯಾವ ಮುಖವಿದೆ? ಬನ್ನಿ. ಪಟ ತಿದ್ದಿಕೊಡುವುದಿಲ್ಲ, ಊಟ ಹಾಕುತ್ತೇನೆ.

ಇಂತಿ,
ಇನ್ನೂ ನಿಮ್ಮ ಹೆಂಡತಿ

ತಾ.ಕ.: ಪತ್ರ ಅಂಟಿಸುವ ಮೊದಲು, ಸುಮ್ಮನೆ ಧೂಳು ಒರೆಸೋಣವೆಂದು ಪಟ ತಿರುಗಿಸಿದೆ. ಪಾದದ ಹಿಂಬದಿಯಲ್ಲಿ ನಿಮ್ಮ ಪೆನ್ಸಿಲ್ ಲೆಕ್ಕವಿದೆ. ಸೊನ್ನೆ ಹೊಡೆದುಹಾಕಿ ಒಂದು ವರ್ಷ ಕೂಡಿಸಿದ್ದೀರಿ. ಪಕ್ಕದಲ್ಲಿ, ಸಭೆಗೆ ಹೇಳಿಯಾಗಿದೆ, ಈಗ ಬದಲಿಸುವಂತಿಲ್ಲ ಎಂದು ಬರೆದಿದ್ದೀರಿ. ಏನು ಬರೆದರೂ ಕೆಳಗೆ ತಾರೀಖು ಹಾಕುವುದು ನಿಮ್ಮ ಚಟವಲ್ಲವೆ? ಅದು ಗಿಣಿಯ ಎಡಗಣ್ಣು ತೋರಿಸಲು ಡಾಕ್ಟರ ಬಳಿ ಹೋಗುವುದಕ್ಕೆ ಎರಡು ದಿನ ಮೊದಲಿನ ತಾರೀಖು. ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ಈ ಗಳಿಗೆಯವರೆಗೆ ನಿಮ್ಮನ್ನು ಏನೆಂದುಕೊಂಡಿದ್ದೆ ಎಂದು ನಿಮಗೂ ಗೊತ್ತಿರಲಿ. ಬುಧವಾರ ಬರಬೇಡಿ.